ಎಡಗಡೆಯದು ಸ್ವಲ್ಪ ದೊಡ್ಡದು

ಕಾರು ಕಲಿಯಲು ಬರುವವರು ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕಕ್ಕ ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಬೇಜಾರೂ ಇರಲಿಲ್ಲ. ಇಪ್ಪತ್ತಮೂರು ವರ್ಷಗಳಿಂದ ಡ್ರೈವಿಂಗ್ ಶಾಲೆಯ ಕಾರಿನ ಪಕ್ಕದ ಸೀಟಿನಲ್ಲಿ ಕೂತು, ತನಗೆಂದೇ ಹಾಕಿಸಿದ್ದ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವಳು ಅವಳು. ಆದರೆ ಅವಳ ಕಾಲಿಗಿಂತ ಮೊದಲು ಕೆಲಸ ಮಾಡುತ್ತಿದ್ದುದು ಅವಳ ಗಂಟಲು. ಅವಳು "ಬ್ರೇಕ್!" ಎಂದು ಕೂಗಿದರೆ ಕಲಿಯುವವರ ಮಾತಿರಲಿ, ಎದುರಿನಿಂದ ಬರುವ ಸೈಕಲ್ಲಿನವನೂ ಗಪ್ಪನೆ ನಿಂತುಬಿಡುತ್ತಿದ್ದ.

ಆ ವರ್ಷ ಅವಳ ತಲೆನೋವಾಗಿದ್ದವರು ಒಬ್ಬ ಡಾಕ್ಟರು. ಕಿವಿ, ಮೂಗು, ಗಂಟಲಿನ ಡಾಕ್ಟರು. ನಲವತ್ತು ದಾಟಿದ ಸಣಕಲು ಮನುಷ್ಯ, ಇಸ್ತ್ರಿ ಕೆಡದ ಅಂಗಿ, ಮೆಲುದನಿ. ಐದು ತಿಂಗಳಿಂದ ಕಲಿಯುತ್ತಿದ್ದರು, ಮೂರು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿದ್ದರು. ಸ್ಟಿಯರಿಂಗ್ ಹಿಂದೆ ಕೂತ ಕೂಡಲೇ ಅವರ ಅಂಗೈ ಒದ್ದೆಯಾಗುತ್ತಿತ್ತು; ಕ್ಲಚ್ಚು ಒತ್ತಬೇಕಾದಾಗ ಬ್ರೇಕು, ಬ್ರೇಕು ಒತ್ತಬೇಕಾದಾಗ ಹಾರನ್ನು. "ನಿಮ್ಮಷ್ಟು ಓದಿದೋರಿಗೆ ಕಲಿಸೋದೇ ಕಷ್ಟ ಡಾಕ್ಟ್ರೇ, ಕಾಲು ಏನ್ಮಾಡ್ಬೇಕು ಅಂತ ತಲೇಲಿ ಯೋಚನೆ ಮಾಡ್ತೀರಾ" ಎಂದು ಅವಳು ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಪಾರ್ಕಿನ ಸುತ್ತಲಿನ ರಸ್ತೆಯಲ್ಲಿ ಪಾಠ ನಡೆದಿತ್ತು. ಬಿಸಿಲು ಅವಳ ಮುಖಕ್ಕೆ ನೇರವಾಗಿ ಬೀಳುತ್ತಿತ್ತು. ಅಷ್ಟರಲ್ಲಿ ಹಾಲಿನ ವ್ಯಾನೊಂದು ಗೇಟಿನೊಳಗಿಂದ ಹಿಂದುಹಿಂದಕ್ಕೆ ರಸ್ತೆಗಿಳಿಯಿತು. ಅವಳು ಡಾಕ್ಟರ ಕಡೆ ತಿರುಗಿ ಬಾಯಿ ತುಂಬ ತೆರೆದು "ಬ್ರೇಏಏಕ್!" ಎಂದಳು. ಡಾಕ್ಟರು ವ್ಯಾನನ್ನು ನೋಡಲಿಲ್ಲ, ರಸ್ತೆಯನ್ನೂ ನೋಡಲಿಲ್ಲ. ಅವಳ ಬಾಯೊಳಗೆ ನೋಡಿದರು. ನೋಡುತ್ತಲೇ ಇದ್ದರು. ಅವಳೇ ತನ್ನ ಬ್ರೇಕನ್ನು ಒತ್ತಿದ್ದರಿಂದ ಕಾರು ವ್ಯಾನಿಗೆ ಒಂದು ಗೇಣು ಹಿಂದೆ ನಿಂತಿತು.

"ರಸ್ತೆ ನೋಡಿ ಅಂದ್ರೆ ನನ್ನ ಮುಖ ಯಾಕ್ರೀ ನೋಡ್ತೀರಾ?" ಅವಳ ಜೀವ ಬಾಯಿಗೆ ಬಂದಿತ್ತು.

"ಮುಖ ಅಲ್ಲ ಮೇಡಂ," ಡಾಕ್ಟರು ತಣ್ಣಗೆ ಹೇಳಿದರು. "ಟಾನ್ಸಿಲ್."

"ಏನು?"

"ನಿಮ್ಮ ಎಡಗಡೆ ಟಾನ್ಸಿಲ್ ಬಲಗಡೆದಕ್ಕಿಂತ ದೊಡ್ಡದಾಗಿ ಕಾಣ್ತಿದೆ. ಇನ್ನೊಂದ್ಸಲ ಬಾಯಿ ತೆಗೀರಿ."

"ತೆಗೆಯಲ್ಲ. ಫಸ್ಟ್ ಗೇರ್ ಹಾಕಿ."

ಪಾಠ ಮುಗಿದು ಇಳಿಯುವಾಗ ಡಾಕ್ಟರು ಬಾಗಿಲು ಹಿಡಿದುಕೊಂಡೇ ನಿಂತರು. "ಹೆದರಿಸೋಕೆ ಹೇಳ್ತಿಲ್ಲ ಮೇಡಂ. ಸುಮಾರು ಜನಕ್ಕೆ ಹೀಗಿರುತ್ತೆ. ಆದ್ರೂ ನಾಡಿದ್ದು ಕ್ಲಿನಿಕ್ಕಿಗೆ ಬನ್ನಿ, ಒಂದ್ಸಲ ಸರಿಯಾಗಿ ನೋಡಿಬಿಡೋಣ." ಅವಳು ಹೂಂ ಹೂಂ ಎಂದು ಕಳಿಸಿದಳು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಕಾರಿನ ಒಳಗಿನ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬಾಯಿ ತೆರೆದಳು. ಐವತ್ತೆರಡು ವರ್ಷ ಆ ಬಾಯಿಂದ ಮಾತಾಡಿದ್ದಳೇ ಹೊರತು ಅದರೊಳಗೆ ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಕಿರುನಾಲಿಗೆಯ ಬಲಕ್ಕೆ ಒಂದು ಸಣ್ಣ ಗುಬುಟು. ಎಡಕ್ಕೆ ಅದರ ಅಣ್ಣನಂಥ ಇನ್ನೊಂದು. ಮುಂದಿನ ಪಾಠದವಳು ಬಂದು ಕಿಟಕಿ ತಟ್ಟಿದಾಗಲೂ ಅವಳು ಬಾಯಿ ತೆರೆದುಕೊಂಡೇ ಇದ್ದಳು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗಂಡನ ಮುಂದೆ ನಿಂತಳು. ಅವನು ವಾಚ್ ರಿಪೇರಿಯವನು. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಗೋಡೆ ತುಂಬ ಗಡಿಯಾರ, ಮೇಜಿನ ಮೇಲೆ ಚಿಮಟ, ಪುಟ್ಟ ಬ್ರಷ್ಷು, ಎಳ್ಳುಕಾಳಿನಷ್ಟಿರುವ ಸ್ಕ್ರೂಗಳ ಡಬ್ಬಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲೂ ನಾಲ್ಕು "ಹೂಂ".

"ರೀ, ನನ್ನ ಗಂಟಲು ನೋಡಿ."

ಅವನು ಏಕೆ ಎಂದು ಕೇಳಲಿಲ್ಲ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಮೇಜಿನ ದೀಪವನ್ನು ಅವಳತ್ತ ತಿರುಗಿಸಿ, ನಿಂತುಹೋದ ಗಡಿಯಾರದ ಬೆನ್ನು ತೆಗೆದು ನೋಡುವ ಹಾಗೆ ನೋಡಿದ. ಬಹಳ ಹೊತ್ತು ನೋಡಿದ.

"ಎಡಗಡೇದು ಸ್ವಲ್ಪ ದೊಡ್ಡದು," ಎಂದ. ಆಮೇಲೆ ಭೂತಗನ್ನಡಿ ತೆಗೆದು ಅವಳ ಮುಖವನ್ನೇ ನೋಡಿದ.

ಒಳಗಿಂದ ಮಗಳು ಬಂದಳು. ಇಪ್ಪತ್ತಾರರ ಹುಡುಗಿ, ಪ್ರೈಮರಿ ಶಾಲೆಯ ಟೀಚರು, ಏನಿದ್ದರೂ ಮೊದಲು ಫೋನಿನಲ್ಲಿ ಹುಡುಕುವವಳು. ಅಮ್ಮ ಹೇಳಿ ಮುಗಿಸುವ ಮೊದಲೇ ಬೆರಳಾಡಿಸಿ ಓದತೊಡಗಿದಳು. ಓದುತ್ತ ಓದುತ್ತ ಹಣೆ ಬೆವರಿತು. ಫೋನನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡಳು.

"ಏನೇ ಅದು? ಜೋರಾಗಿ ಓದು."

"ಏನಿಲ್ಲ ಅಮ್ಮ. ಉಪ್ಪುನೀರು ಮುಕ್ಕಳಿಸ್ಬೇಕಂತೆ."

"ಉಪ್ಪುನೀರಿಗೆ ಯಾರೂ ಹಂಗೆ ಬೆವರಲ್ಲ. ಓದು."

ಮಗಳು ಫೋನನ್ನು ಮತ್ತೆ ಮುಂದೆ ತಂದಳು. "ಒಂದೇ ಕಡೆ ದೊಡ್ಡದಾದ್ರೆ... ಕೆಲವ್ರಲ್ಲಿ... ಕ್ಯಾನ್ಸರ್ ಇರ್ಬೋದಂತೆ."

ಕೋಣೆಯಲ್ಲಿ ಮೂವತ್ತು ಗಡಿಯಾರಗಳ ಸದ್ದು ಒಮ್ಮೆಲೇ ದೊಡ್ಡದಾಯಿತು. ಮೊದಲು ಬಾಯಿ ತೆರೆದವನು ಗಂಡ.

"ಅದರ ಕೆಳಗೇನಿದೆ?"

"ಕೆಳಗೆ ಅಂದ್ರೆ?"

"ಅಲ್ಲಿಗೇ ಮುಗೀತಾ? ಪೂರ್ತಿ ಓದು."

ಮಗಳು ಫೋನಿನ ಪರದೆಯನ್ನು ಮೇಲಕ್ಕೆ ಸರಿಸುತ್ತ ಓದಿದಳು. ಬೇರೆ ಯಾವ ತೊಂದರೆಯೂ ಇಲ್ಲದೆ ಬರೀ ಗಾತ್ರದಲ್ಲಿ ಹೆಚ್ಚುಕಡಿಮೆ ಇದ್ದರೆ ಸಾಮಾನ್ಯವಾಗಿ ಹೆದರುವಂಥದ್ದು ಇರುವುದಿಲ್ಲ. ಆದರೂ ಡಾಕ್ಟರಿಗೆ ತೋರಿಸಬೇಕು. "ಇದನ್ನ ಮೊದಲೇ ಬರೆಯೋಕೆ ಇವ್ರಿಗೇನು ಧಾಡಿ!" ಎಂದು ಮಗಳು ಫೋನಿಗೇ ಬೈದಳು. ಅಮ್ಮ ನಕ್ಕಳು. ಗಂಡ ನಗಲಿಲ್ಲ. ಮತ್ತೆ ಮೇಜಿಗೆ ಹೋಗಿ ಕೂತವನು ಅರ್ಧ ಗಂಟೆ ಒಂದೇ ಸ್ಕ್ರೂವನ್ನು ಒರೆಸುತ್ತಿದ್ದ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಬೇರೆಯೇ ಮನುಷ್ಯರಾಗಿದ್ದರು. ಬೆನ್ನು ನೆಟ್ಟಗಿತ್ತು, ಅಂಗೈ ಒಣಗಿತ್ತು. ಹಣೆಗೆ ದೀಪ ಕಟ್ಟಿಕೊಂಡು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಈಗ ಅಂಗೈ ಒದ್ದೆಯಾಗುವ ಸರದಿ ಅವಳದು.

"ಡಾಕ್ಟ್ರೇ, ಒಪ್ಪಂದ ಮಾಡ್ಕೊಳ್ಳೋಣ. ಕಾರಲ್ಲಿ ನಾನು ಹೇಳಿದ್ದು ನೀವು ಕೇಳ್ಬೇಕು, ಇಲ್ಲಿ ನೀವು ಹೇಳಿದ್ದು ನಾನು ಕೇಳ್ತೀನಿ."

"ಕಾರಲ್ಲೂ ಕೇಳ್ತೀನಿ ಮೇಡಂ. ಕಾಲು ಕೇಳಲ್ಲ ಅಷ್ಟೆ."

ಅವರು ಒಂದೊಂದಾಗಿ ಕೇಳಿದರು. ನುಂಗುವಾಗ ನೋವಿದೆಯೇ? ಕಿವಿ ನೋಯುತ್ತದೆಯೇ? ತೂಕ ಇಳಿದಿದೆಯೇ? "ತೂಕ ಇಳಿದಿದ್ರೆ ಸಂತೋಷ ಪಡ್ತಿದ್ದೆ" ಎಂದಳು. ಮಲಗಿದಾಗ ಬಟ್ಟೆ ನೆನೆಯುವಷ್ಟು ಬೆವರುತ್ತದೆಯೇ? ಉಗುಳಿನಲ್ಲಿ ರಕ್ತ? ಸಿಗರೇಟು? ಎಲ್ಲಕ್ಕೂ ಇಲ್ಲ. ಆಮೇಲೆ ಅವಳ ಕುತ್ತಿಗೆಯ ಎರಡೂ ಬದಿಗೆ ಬೆರಳಿಟ್ಟು, ದವಡೆಯ ಕೆಳಗಿಂದ ಹೆಗಲ ತನಕ ಗಂಟುಗಳಿಗಾಗಿ ತಡಕಿದರು. ಕೈಗವಸು ಹಾಕಿಕೊಂಡು ಟಾನ್ಸಿಲನ್ನೇ ಮುಟ್ಟಿ ನೋಡಿದಾಗ ಅವಳಿಗೆ ಓಕರಿಕೆ ಬಂದು ಬಾಯಿ ಮುಚ್ಚಿಕೊಂಡಿತು. ಡಾಕ್ಟರ ಬೆರಳು ಕೂದಲೆಳೆಯಲ್ಲಿ ಪಾರಾಯಿತು. ಕೊನೆಗೆ ದಾರದಂಥ ಕ್ಯಾಮೆರಾವನ್ನು ಮೂಗಿನಿಂದ ಒಳಗಿಳಿಸಿ ಗಂಟಲನ್ನು ಪರದೆಯ ಮೇಲೆ ತೋರಿಸಿದರು. ಮೂಲೆಯಲ್ಲಿ ಕೂತಿದ್ದ ಗಂಡ ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತ.

"ನೋಡಿ," ಡಾಕ್ಟರು ಕೈಗವಸು ತೆಗೆಯುತ್ತ ಹೇಳಿದರು. "ಎರಡು ಟಾನ್ಸಿಲ್ಲೂ ಅಚ್ಚು ಹೊಡೆದ ಹಾಗೆ ಒಂದೇ ಸಮ ಇರ್ಬೇಕು ಅಂತೇನಿಲ್ಲ. ನಿಮ್ಮ ಎರಡು ಕಿವೀನೂ ಒಂದೇ ಸಮ ಇಲ್ಲ."

ಅವಳು ಗಾಬರಿಯಿಂದ ಕಿವಿ ಮುಟ್ಟಿಕೊಂಡಳು.

"ಕೆಲವ್ರಿಗೆ ಒಂದು ಟಾನ್ಸಿಲ್ ಗೂಡಿನೊಳಗೆ ಕೂತಿರುತ್ತೆ, ಇನ್ನೊಂದು ಹೊರಗೆ ಬಂದಿರುತ್ತೆ. ಇಲ್ಲಾ ಯಾವತ್ತೋ ಸೋಂಕಾಗಿ ಒಂದು ಊದಿ ಹಂಗೇ ಉಳಿದಿರುತ್ತೆ. ನಿಮ್ಮದರ ಮೇಲೆ ಹುಣ್ಣಿಲ್ಲ, ಗಟ್ಟಿ ಇಲ್ಲ, ಕುತ್ತಿಗೇಲಿ ಗಂಟಿಲ್ಲ. ಇದು ಒಳ್ಳೆ ಸುದ್ದಿ. ಇವತ್ತಿನ ಫೋಟೋ ಇಟ್ಕೊಂಡಿರ್ತೀನಿ, ಆರು ವಾರ ಬಿಟ್ಟು ಮತ್ತೆ ನೋಡೋಣ. ನಡುವೆ ಒಂದೇ ಕಡೆ ನೋವು, ಗಂಟು, ರಕ್ತ, ಏನೇ ಕಂಡ್ರೂ ಆರು ವಾರ ಕಾಯ್ಬೇಡಿ, ಬಂದ್ಬಿಡಿ."

"ಮತ್ತೆ ಅದು... ಅದೇ ಆಗಿದ್ರೆ?" ಕೇಳಿದವನು ಗಂಡ.

ಡಾಕ್ಟರು ಅವನ ಕಡೆ ತಿರುಗಿದರು. "ಆಗಿರೋ ಸಾಧ್ಯತೆ ಬಹಳ ಕಡಿಮೆ ಸರ್. ಇಲ್ಲವೇ ಇಲ್ಲ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಅದಕ್ಕೇ ಮತ್ತೆ ಬನ್ನಿ ಅಂತಿರೋದು."

ಆ ಆರು ವಾರ ಮನೆಯಲ್ಲಿ ಹೊಸದೊಂದು ದಿನಚರಿ ಶುರುವಾಯಿತು. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಅವಳು ಕಿಟಕಿಯ ಹತ್ತಿರ ಬಾಯಿ ತೆರೆದು ನಿಲ್ಲಬೇಕು, ಗಂಡ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಬೇಕು. ನೋಡಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಎರಡು ಸೊನ್ನೆ ಬರೆಯುತ್ತಿದ್ದ, ಒಂದು ಸಣ್ಣದು, ಒಂದು ದೊಡ್ಡದು. "ಅಪ್ಪಾ, ಇದೇನು ದಿನಾ ಕೋಳಿಮೊಟ್ಟೆ ಲೆಕ್ಕ?" ಎಂದು ಮಗಳು ರೇಗಿಸುತ್ತಿದ್ದಳು. ಆದರೆ ಅವಳೂ ಶಾಲೆಗೆ ಹೊರಡುವ ಮೊದಲು ಕ್ಯಾಲೆಂಡರಿನ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದಳು.

ಹೊರಗೆ ಅವಳು ಎಂದಿನಂತೆಯೇ ಇದ್ದಳು, ಕೆಂಪು ದೀಪದಲ್ಲಿ ಕಾರು ನಿಂತಾಗೊಮ್ಮೆ ನಾಲಿಗೆ ತಾನಾಗಿಯೇ ಹಿಂದೆ ಎಡಕ್ಕೆ ಸರಿದು ತಡಕುತ್ತಿತ್ತು ಎನ್ನುವುದನ್ನು ಬಿಟ್ಟರೆ. ಕಷ್ಟವಾದದ್ದು ಡಾಕ್ಟರ ಪಾಠ. ಅವಳು ಬಾಯಿ ತೆರೆದರೆ ಸಾಕು, ಅವರ ಕಣ್ಣು ರಸ್ತೆ ಬಿಟ್ಟು ಗಂಟಲಿಗೆ ಹೋಗುತ್ತಿತ್ತು. ಕಡೆಗೆ ಅವಳು ಕಿಟಕಿಯ ಕಡೆ ತಿರುಗಿ ಹೊರಗೆ ಕೂಗಲು ಶುರುಮಾಡಿದಳು. ಮೊದಲ ದಿನವೇ ಪಾರ್ಕಿನ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಮುದುಕರೊಬ್ಬರು "ಕ್ಲಚ್ಚೂ!" ಎನ್ನುವ ಕೂಗಿಗೆ ಪೇಪರನ್ನು ಬಿಸಾಕಿ ಎದ್ದು ನಿಂತರು.

ಆರು ವಾರ ಕಳೆದು ಕ್ಲಿನಿಕ್ಕಿಗೆ ಹೋದಾಗ ಡಾಕ್ಟರು ಹಳೆಯ ಫೋಟೋ ಹೊಸ ಫೋಟೋ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಅವರು ಹೇಳುವ ಮೊದಲೇ ಗಂಡ ಹೇಳಿದ, "ಬೆಳೆದಿದೆ."

"ಹೌದು ಸರ್. ಸ್ವಲ್ಪವೇ. ಈಗಲೂ ನನ್ನ ಕಣ್ಣಿಗೆ ಇದು ಕೆಟ್ಟದ್ದು ಅನ್ನಿಸ್ತಿಲ್ಲ. ಆದ್ರೆ ಬೆಳೆದಿದ್ದನ್ನ ಹಂಗೇ ಬಿಡೋದು ನನಗೆ ಸರಿ ಕಾಣಲ್ಲ. ತೆಗೆದು ಲ್ಯಾಬಿಗೆ ಕಳಿಸ್ತೀವಿ, ಅವ್ರು ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಆಗ ಅನುಮಾನ ಅನ್ನೋದೇ ಇರಲ್ಲ."

ಅವಳು ಕುರ್ಚಿಯ ಕೈ ಹಿಡಿದುಕೊಂಡಳು. "ಯಾರು ತೆಗೀತಾರೆ?"

"ನಾನೇ."

ಅವಳ ಕಣ್ಣ ಮುಂದೆ ಹಾಲಿನ ವ್ಯಾನು, ಒದ್ದೆ ಅಂಗೈ, ಕಿರುಗುಟ್ಟುವ ಗೇರು ಎಲ್ಲ ಹಾದುಹೋದವು. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಕಾರು ಓಡಿಸೋ ಹಾಗೆ ಅಲ್ಲ ತಾನೆ?"

ಡಾಕ್ಟರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. "ಹದಿನೈದು ವರ್ಷದಲ್ಲಿ ಆಪರೇಷನ್ ಕೋಣೇಲಿ ನನ್ನ ಕೈ ಒಂದ್ಸಲಾನೂ ನಡುಗಿಲ್ಲ ಮೇಡಂ. ನಿಮ್ಮ ಕಾರಲ್ಲಿ ಮಾತ್ರ ನಡುಗುತ್ತೆ."

"ಅದ್ಯಾಕೆ?"

"ಅಲ್ಲಿ ಯಾರೂ ಕೂಗಲ್ಲ."

"ಆಗ್ಲಿ, ತೆಗೀರಿ" ಎಂದು ಅವಳು ಮೆಲುದನಿಯಲ್ಲಿ ಹೇಳಿದಳು. ಅವಳ ಜೀವನದಲ್ಲಿ ಅದು ಅಪರೂಪ.

ಆಪರೇಷನ್ ಒಂದು ಗಂಟೆಯೊಳಗೆ ಮುಗಿಯಿತು. ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಉಗುಳು ನುಂಗಿದರೆ ಗಂಟಲಲ್ಲಿ ಗಾಜಿನ ಪುಡಿ ಇಳಿದಂತೆ. ಆಕಳಿಕೆ ಬಂದರೆ ನೋವು ಕಿವಿಯವರೆಗೆ ಹೊಡೆಯುತ್ತಿತ್ತು. ಹೊತ್ತುಹೊತ್ತಿಗೆ ಮಾತ್ರೆ, ತಣ್ಣಗಿನ ಹಾಲು, ಹಿಸುಕಿದ ಆಲೂಗಡ್ಡೆ, ಐಸ್‌ಕ್ರೀಮ್. ಎರಡು ವಾರ ಕೂಗುವಂತಿಲ್ಲ, ಮಾತೂ ಆದಷ್ಟು ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಅರ್ಧ ಮಾತಾಡುವುದು ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ಪೂರ್ತಿ ಬಿಟ್ಟಳು. ಮಗಳು ಶಾಲೆಯಿಂದ ಒಂದು ಸ್ಲೇಟು, ಬಳಪದ ಡಬ್ಬಿ ತಂದುಕೊಟ್ಟಳು.

ಮನೆ ಭಣಗುಟ್ಟಿತು. ಎರಡನೆಯ ದಿನ ಮಗಳು ಶಾಲೆಗೆ ಹೋದ ಮೇಲೆ ಗಂಡ ಅಂಗಡಿಯ ಮೇಜನ್ನೇ ಅವಳ ಮಂಚದ ಪಕ್ಕಕ್ಕೆ ಎಳೆದುಕೊಂಡು ಬಂದ. ಗಡಿಯಾರವೊಂದನ್ನು ಬಿಚ್ಚಿ ಹರಡಿದ. ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಮಾತಾಡತೊಡಗಿದ.

ಮೊದಲು ಗಡಿಯಾರಗಳ ಬಗ್ಗೆ. ಪೋಸ್ಟ್ ಆಫೀಸಿನ ಹಿಂದಿನ ಬೀದಿಯ ಅಜ್ಜಿಯೊಬ್ಬರು ಪ್ರತಿ ತಿಂಗಳು ಏನೂ ಕೆಡದ ವಾಚನ್ನು ರಿಪೇರಿಗೆ ತರುತ್ತಾರೆ, ಅವನು ಬೆನ್ನು ಬಿಚ್ಚಿ, ಊದಿ, ಮುಚ್ಚಿ ಕೊಡುತ್ತಾನೆ. ಅವರಿಗೆ ಬೇಕಾದದ್ದು ಕೂತು ಹೋಗಲು ಒಂದು ಕುರ್ಚಿ. ಆಮೇಲೆ ತಾನು ಚಿಕ್ಕವನಿದ್ದಾಗ ಅಪ್ಪನ ಅಲಾರಂ ಬಿಚ್ಚಿ ಏಟು ತಿಂದದ್ದು. ಆಮೇಲೆ, ಚಿಮಟದ ತುದಿಯನ್ನೇ ನೋಡುತ್ತ, ಇಪ್ಪತ್ತೆಂಟು ವರ್ಷದ ಹಿಂದಿನ ಮಾತು.

"ನೀನು ಮೊದಲ್ನೇ ಸಲ ಅಂಗಡಿಗೆ ಬಂದಾಗ ಬರೀ ವಾಚಿನ ಪಟ್ಟಿ ಹಾಕಿಸ್ಕೊಳ್ಳೋಕೆ ಬಂದಿದ್ದೆ. ಎರಡು ನಿಮಿಷದ ಕೆಲಸ. ನೀನು ಮಾತಾಡ್ತಾನೇ ಇದ್ದೆ. ನಿಂಗೆ ಗೊತ್ತಿಲ್ಲದ ಹಾಗೆ ನಾನು ವಾಚನ್ನೇ ಬಿಚ್ಚಿಬಿಟ್ಟೆ. ಏನೂ ಕೆಟ್ಟಿರಲಿಲ್ಲ. ಮತ್ತೆ ಜೋಡಿಸೋಕೆ ಮುಕ್ಕಾಲು ಗಂಟೆ ಬೇಕಾಯ್ತು. ಅಷ್ಟು ಹೊತ್ತು ಕೇಳ್ಬೋದಲ್ಲ ಅಂತ."

ಅವಳು ಸ್ಲೇಟು ಎಳೆದುಕೊಂಡು ಬರೆದಳು: ಇದನ್ನ ಇಷ್ಟು ವರ್ಷ ಯಾಕೆ ಹೇಳಲಿಲ್ಲ?

ಅವನು ಓದಿ, ಪ್ರಾಮಾಣಿಕವಾಗಿ ಯೋಚಿಸಿ ಹೇಳಿದ, "ನಡುವೆ ಸಂದು ಸಿಗಲಿಲ್ಲ ಕಣೇ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ಗಂಟಲು ಉರಿಯಿತು, ಉರಿದದ್ದಕ್ಕೆ ಕಣ್ಣಲ್ಲಿ ನೀರು ಬಂತು, ನೀರು ಕಂಡು ಅವನು ಗಾಬರಿಯಾಗಿ ಐಸ್‌ಕ್ರೀಮಿಗೆ ಓಡಿದ.

ಎಂಟನೆಯ ದಿನ ಲ್ಯಾಬಿನ ವರದಿ ಬರಬೇಕಿತ್ತು. ಬದಲಿಗೆ ಡಾಕ್ಟರ ಫೋನು ಬಂತು. ಲ್ಯಾಬಿನವರು ಕತ್ತರಿಸಿದ ಚೂರಿಗೆ ಇನ್ನೊಂದು ಬಣ್ಣ ಹಾಕಿ ಮತ್ತೊಮ್ಮೆ ನೋಡುತ್ತಾರಂತೆ, ನಾಲ್ಕೈದು ದಿನ ತಡವಾಗುತ್ತದೆ. "ಎರಡನೇ ಸಲ ನೋಡ್ತಾರೆ ಅಂದ್ರೆ ಕೆಟ್ಟದ್ದೇ ಅಂತ ಅಲ್ಲ. ಗಟ್ಟಿ ಮಾಡ್ಕೊಳ್ಳೋಕೆ," ಎಂದು ಅವರು ಎರಡೆರಡು ಸಲ ಹೇಳಿದರು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು, ಅಳುವುದು ಕೇಳಿಸಬಾರದೆಂದು. ನಲ್ಲಿಯ ಸದ್ದಿಗಿಂತ ಅಳುವಿನ ಸದ್ದೇ ಜಾಸ್ತಿ ಕೇಳಿಸಿತು. ಅವಳು ಎದ್ದು ಹೋಗಿ ನಲ್ಲಿ ನಿಲ್ಲಿಸಿ, ಮಗಳ ಒದ್ದೆ ಕೆನ್ನೆ ಒರೆಸಿ ಸ್ಲೇಟು ತೋರಿಸಿದಳು: ನೀರು ಯಾಕೆ ದಂಡ ಮಾಡ್ತೀಯಾ?

ಗಂಡ ಆ ದಿನ ಒಂದು ಗಡಿಯಾರವನ್ನೂ ಬಿಚ್ಚಲಿಲ್ಲ. ಮಧ್ಯಾಹ್ನ ಅವಳ ಪಕ್ಕ ಬಂದು ಕೂತು, "ನಂಗೆ ಭಯ ಆಗ್ತಿದೆ," ಎಂದ. ಅಷ್ಟೇ. ಅವಳು ಸ್ಲೇಟನ್ನು ಪಕ್ಕಕ್ಕಿಟ್ಟಳು. ಎಣ್ಣೆ ವಾಸನೆಯ ಆ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡು, ಗೋಡೆಯ ಗಡಿಯಾರಗಳೆಲ್ಲ ಮೂರು ಹೊಡೆಯುವ ತನಕ ಹಾಗೇ ಕೂತಳು. ಅವಳಿಗೂ ಭಯವೇ. ಆದರೆ ಇಬ್ಬರು ಸೇರಿ ಹೆದರಿದ್ದರಿಂದಲೋ ಏನೋ, ಆ ಮಧ್ಯಾಹ್ನ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಹದಿಮೂರನೆಯ ದಿನ ಅವಳಿಗೆ ಮನೆ ಸಾಕಾಯಿತು. ಗಂಟಲು ಬಹುತೇಕ ಮಾಗಿತ್ತು. ಡಾಕ್ಟರಿಗೆ ಮೆಸೇಜು ಕಳಿಸಿದಳು: ಪಾಠ ಮಾಡಬಹುದಾ? ಉತ್ತರ ಬಂತು: ಕೂರಬಹುದು, ಕೂಗೋ ಹಾಗಿಲ್ಲ. ಮೊದಲ ಪಾಠ ನನಗೇ ಇರಲಿ, ಕಣ್ಣಳತೆಯಲ್ಲಿ ಇರ್ತೀರಿ.

ಅವಳು ಮಗಳ ಉಕ್ಕಿನ ಸ್ಕೇಲು ತೆಗೆದುಕೊಂಡು ಕಾರು ಹತ್ತಿದಳು. ಸ್ಲೇಟಿನಲ್ಲಿ ಮೊದಲೇ ಬರೆದಿಟ್ಟಿದ್ದಳು: ಡ್ಯಾಶ್‌ಬೋರ್ಡಿಗೆ ಒಂದು ಸಲ ಕುಟ್ಟಿದರೆ ಬ್ರೇಕು, ಎರಡು ಸಲ ಕ್ಲಚ್ಚು, ಮೂರು ಸಲ ಕುಟ್ಟಿದರೆ ದೇವರೇ ಗತಿ. ಡಾಕ್ಟರು ಓದಿ ತಲೆಯಾಡಿಸಿ ಹೊರಟರು.

ಪಾರ್ಕಿನ ಸುತ್ತ ಮೊದಲ ಸುತ್ತು. ಅವಳು ಸ್ಕೇಲನ್ನು ಎತ್ತಿ ಹಿಡಿದೇ ಇದ್ದಳು. ಡಾಕ್ಟರು ಮೊದಲ ಗೇರಿನಿಂದ ಎರಡನೆಯದಕ್ಕೆ ಹಾಕಿದರು, ಕಾರು ಕುಣಿಯಲಿಲ್ಲ. ಎದುರಿಗೆ ಒಬ್ಬಳು ಮಗುವನ್ನು ಕೈಹಿಡಿದು ರಸ್ತೆ ದಾಟುತ್ತಿದ್ದಳು. ಡಾಕ್ಟರು ತಾವಾಗಿ ವೇಗ ಇಳಿಸಿದರು, ನಿಂತರು, ಮತ್ತೆ ಹೊರಟರು. ಎರಡನೆಯ ಸುತ್ತಿನಲ್ಲಿ ಸ್ಕೇಲು ಒಮ್ಮೆ ಮಾತ್ರ ಕುಟ್ಟಬೇಕಾಯಿತು. ಇಷ್ಟು ತಿಂಗಳು ತಾನು ಗಂಟಲು ಹರಿದುಕೊಂಡು ಕಲಿಸಲಾಗದ್ದು ಹೀಗೆ ಸುಮ್ಮನಿದ್ದರೆ ಬರುತ್ತದೆ ಎಂದು ಅವಳಿಗೆ ಹೊಟ್ಟೆ ಉರಿಯಿತು, ಸಂತೋಷವೂ ಆಯಿತು.

ಮೂರನೆಯ ಸುತ್ತಿನ ನಡುವೆ ಡಾಕ್ಟರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. "ಲ್ಯಾಬ್‌ನೋರು ಅನ್ಸುತ್ತೆ. ಈ ಹೊತ್ತಿಗೆ ಮಾಡ್ತೀನಿ ಅಂದಿದ್ರು," ಎಂದವರ ಒಂದು ಕೈ ಜೇಬಿನತ್ತ ಹೋಯಿತು. ಅವಳ ಸ್ಕೇಲು ತಾನಾಗಿ ಟಕ್ಕೆಂದು ಕುಟ್ಟಿತು. ಡಾಕ್ಟರು ಕೈಯನ್ನು ಸ್ಟಿಯರಿಂಗಿಗೆ ವಾಪಸ್ಸು ತಂದರು. ಫೋನು ಗುಂಯ್‌ಗುಡುತ್ತಲೇ ಇತ್ತು. ಅವರು ಕನ್ನಡಿ ನೋಡಿದರು. ಇಂಡಿಕೇಟರ್ ಹಾಕಿದರು. ಹಿಂದೆ ಬರುತ್ತಿದ್ದ ಸ್ಕೂಟರನ್ನು ಮುಂದೆ ಹೋಗಲು ಬಿಟ್ಟರು. ಮೆಲ್ಲಗೆ ಅಂಚಿಗೆ ಸರಿಸಿ, ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನ್ ಆರಿಸಿದರು. ಒಂದೂ ತಪ್ಪಲಿಲ್ಲ. ಫೋನು ಎತ್ತುವಷ್ಟರಲ್ಲಿ ಕಟ್ಟಾಯಿತು. ಅವರೇ ತಿರುಗಿ ಮಾಡಿದರು.

"ಹೇಳಿ... ಹೂಂ... ಎರಡನೇದರಲ್ಲೂ?... ಹೌದಾ... ಸರಿ, ಕಳಿಸಿಕೊಡಿ."

ಅವಳು ಅವರ ಮುಖವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಡಾಕ್ಟರು ಫೋನಿಟ್ಟು ಅವಳ ಕಡೆ ತಿರುಗಿದರು.

"ಕ್ಯಾನ್ಸರ್ ಇಲ್ಲ ಮೇಡಂ. ಎರಡು ಸಲ ನೋಡಿದಾರೆ, ಇಲ್ಲವೇ ಇಲ್ಲ. ಹಳೇ ಸೋಂಕಿಂದ ಊದಿತ್ತು, ಒಳಗೊಂದು ಸಣ್ಣ ನೀರುಗುಳ್ಳೆ ಇತ್ತು. ಅದೇ ಬೆಳೀತಿತ್ತು. ಈಗ ಅದೂ ಇಲ್ಲ."

ಎರಡು ವಾರದಿಂದ ತುಟಿ ಪಿಟಕ್ಕೆನ್ನದೆ ಇದ್ದವಳ ಬಾಯಿಂದ ಒಡಕು ದನಿಯೊಂದು ಹೊರಬಂತು.

"ಡಾಕ್ಟ್ರೇ... ಇಂಡಿಕೇಟರ್ ಆಫ್ ಮಾಡಿ."

ಅಷ್ಟು ಹೇಳಿ ಸ್ಕೇಲನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಡಾಕ್ಟರು ಇಂಡಿಕೇಟರ್ ಆಫ್ ಮಾಡಿ, ಕಿಟಕಿಯ ಹೊರಗೆ ನೋಡುತ್ತ, ಅವಳು ಮುಗಿಸುವ ತನಕ ಕಾದರು. ಅವಳು ಮೂಗೊರೆಸಿಕೊಂಡು "ಮನೆ ಕಡೆ ಹೊರಡಿ" ಎಂದು ಕೈ ತೋರಿಸಿದಳು. ಮಗಳಿಗೆ ಎರಡೇ ಪದ ಕಳಿಸಿದಳು: ಏನೂ ಇಲ್ಲ. ಮರುಕ್ಷಣ ಅತ್ತಲಿಂದ ಹನ್ನೊಂದು ನಗುಮುಖ, ಒಂಬತ್ತು ಅಳುಮುಖ ಬಂದವು.

ಅಂಗಡಿಯ ಮುಂದೆ ಕಾರು ನಿಂತ ಸದ್ದಿಗೆ ಗಂಡ ಭೂತಗನ್ನಡಿ ಕಣ್ಣಿಗಿಟ್ಟುಕೊಂಡೇ ಹೊರಗೆ ಬಂದ. ಡಾಕ್ಟರು ಸ್ಟಿಯರಿಂಗಿನಲ್ಲಿ ಇರುವುದನ್ನು ಕಂಡು ಅಲ್ಲೇ ನಿಂತುಬಿಟ್ಟ. ಅವಳು ಇಳಿದು ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. ಅವನು ಕೇಳಿದ, "ಪೂರ್ತಿ ಓದಿದ್ರಾ? ಕೆಳಗಿನ ತನಕ?" ಕಾರಿನೊಳಗಿಂದ ಡಾಕ್ಟರೇ ಉತ್ತರ ಕೊಟ್ಟರು, "ಕೊನೇ ಸಾಲಿನ ತನಕ ಓದಿಸಿ ಕೇಳಿದೀನಿ ಸರ್." ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಅವಳೂ ಪಕ್ಕದಲ್ಲಿ ಕೂತಳು. ಅವನ ಭುಜ ಅಲುಗುತ್ತಿತ್ತು. ಅಳುವೋ ನಗುವೋ ಅವಳಿಗೂ ತಿಳಿಯಲಿಲ್ಲ, ಅವನಿಗೂ ತಿಳಿದಂತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದಳು. "ಪಾಠ ಇನ್ನೂ ಕಾಲು ಗಂಟೆ ಇದೆ. ಬರ್ತೀನಿ."

"ತಡಿ, ನಾನೂ ಬರ್ತೀನಿ," ಎಂದ ಅವನು. ಒಳಗೆ ಹೋಗಿ ದೀಪ ಆರಿಸಿ, ಅಂಗಡಿಯ ಬಾಗಿಲೆಳೆದು ಬೀಗ ಹಾಕಿದ. ಇಪ್ಪತ್ತಮೂರು ವರ್ಷದಲ್ಲಿ ಒಮ್ಮೆಯೂ ಹತ್ತದಿದ್ದ ಆ ಕಾರಿನ ಹಿಂದಿನ ಸೀಟಿಗೆ ಹತ್ತಿ, ಎರಡು ಸೀಟಿನ ನಡುವೆ ಮುಖ ತೂರಿಸಿಕೊಂಡು ಕೂತ. ಕಾರು ಬೀದಿ ದಾಟುವ ಮೊದಲೇ ಮಾತು ಶುರುವಾಯಿತು. ಗಡಿಯಾರದ ಹಲ್ಲುಚಕ್ರಕ್ಕೂ ಕಾರಿನ ಗೇರಿಗೂ ಏನು ವ್ಯತ್ಯಾಸ ಎನ್ನುವುದನ್ನು ಅವನು ಮೊದಲಿನಿಂದ ವಿವರಿಸತೊಡಗಿದ, ಅವಳು ಸ್ಕೇಲು ಹಿಡಿದುಕೊಂಡು ಕೇಳುತ್ತ ಕೂತಳು. ದೊಡ್ಡ ರಸ್ತೆ ಹತ್ತಿರವಾದಾಗ ಡಾಕ್ಟರು ಕನ್ನಡಿಯಲ್ಲಿ ಹಿಂದೆ ನೋಡಿ, ಬಹಳ ಮರ್ಯಾದೆಯಿಂದ, "ಒಂದೇ ಒಂದು ನಿಮಿಷ ಸುಮ್ನಿರಿ ಸರ್, ತಿರುವು ಬಂತು" ಎಂದರು.